ಒರಗಿದ ಗೋಡೆ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಅವಳ ಗಂಡ ಒಳಗಿದ್ದ. ಅವನನ್ನು ನೋಡಲೆಂದು ಹಣ್ಣಿನ ಚೀಲ ಹಿಡಿದು ಬಂದ ಅವರ ಬಾಡಿಗೆ ಮನೆಯ ಒಡತಿ ಚೀಲವನ್ನು ಬೆಂಚಿನ ಮೇಲಿಟ್ಟು ಅಲ್ಲೇ ಕೂತಳು.

“ಅಕ್ಕ, ಈ ಎರಡು ತಿಂಗಳ ಬಾಡಿಗೆ ಅಡ್ವಾನ್ಸಲ್ಲೇ ಮುರ್ಕೊಳ್ಳಿ.”

“ಅಡ್ವಾನ್ಸಲ್ಲಿ ಏನಮ್ಮ ಉಳಿದಿದೆ? ಮಂಚದ ಪಕ್ಕದ ಗೋಡೆ ನೋಡಿದೀಯಾ? ನಿನ್ನ ಗಂಡ ತಲೆ ಒರಗಿಸಿ ಒರಗಿಸಿ ಎಣ್ಣೆ ಕಲೆ ಕೂತಿದೆ.”

“ಮಲಗಿದ್ರೆ ಉಸಿರು ಕಟ್ತಿತ್ತು. ಒರಗದೆ ಇನ್ನೇನ್ ಮಾಡ್ತಾರೆ?”

“ಉಸಿರು ಅವನದು, ಗೋಡೆ ನನ್ನದು.”

“ನಾನೇ ತೊಳೆದು ಕೊಡ್ತೀನಿ.”

“ತೊಳೆದ್ರೆ ಬಣ್ಣಾನೂ ಕಿತ್ತು ಬರುತ್ತೆ.”

“ಬಾಳಿದ ಮನೇಲಿ ಸವೆದಿದ್ದಕ್ಕೆಲ್ಲ ಅಡ್ವಾನ್ಸ್ ಹಿಡಿಯೋ ಹಾಗಿಲ್ವಂತೆ, ಅಕ್ಕ.”

“ಯಾರು ಹೇಳಿದ್ದು?”

“ಪಕ್ಕದ ಬೆಡ್ಡಿನವರ ಅಳಿಯ.”

“ಪುಣ್ಯಾತ್ಮ! ಹಾಗಾದ್ರೆ ಅವನ ಮನೇಲೇ ಹೋಗಿ ಇರು.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಅವಳನ್ನು ಕರೆದಳು. “ಬೇಗ ಬನ್ನಿ” ಎಂದಳು.

ಹೆಂಗಸು ಎದ್ದಳು. ಮನೆಯೊಡತಿ ಅವಳ ಮಣಿಕಟ್ಟು ಹಿಡಿದಳು.

“ಬೀಗದ ಕೈ ಕೊಟ್ಟು ಹೋಗಮ್ಮ. ಪೇಂಟರ್ ಕೆಳಗೆ ಕಾಯ್ತಿದಾನೆ.”

ಅವಳು ಕೊಟ್ಟು ಒಳಗೋಡಿದಳು. ಮನೆಯೊಡತಿ ಹಣ್ಣಿನ ಚೀಲವನ್ನೂ ಎತ್ತಿಕೊಂಡು ಮೆಟ್ಟಿಲಿಳಿದಳು.