ಎಂಬತ್ತನೇ ನಿಮಿಷದ ಜನ

...ಅದನ್ನೇ ಹೇಳ್ತಿರೋದು ನಾನು, ಬಾನಾ ಮುತಾಲೆ, ನಮ್ಮ ಮುತಾಲೆಯ ಅಮ್ಮ. ನಾಚಿಕೆ ಅನ್ನೋದೇ ಇಲ್ಲ ಈ ಜನಕ್ಕೆ. ಎಂಬತ್ತನೇ ನಿಮಿಷ. ಇನ್ನೂ ಹತ್ತು ನಿಮಿಷ ಬಾಕಿ, ನಾವು ಹಿಂದಿದ್ದದ್ದು ಒಂದೇ ಒಂದು ಗೋಲು. ಅಷ್ಟಕ್ಕೇ ಎದ್ದರು ನೋಡು, ಪ್ಯಾಂಟಿನ ಧೂಳು ಕೊಡವಿಕೊಂಡು, ಮಿನಿಬಸ್ ತಪ್ಪಿಹೋಗುತ್ತೆ ಅಂತ. ನಮ್ಮ ಮುತಾಲೆ, ನಿನ್ನ ಹೊಟ್ಟೇಲಿ ಹುಟ್ಟಿದ ಮಗ, ಹನ್ನೊಂದು ಪಂದ್ಯ ಬೆಂಚ್ ಮೇಲೆ ಕೂತು ಕೂತು ಹನ್ನೆರಡನೇದರಲ್ಲಿ ಮೊದಲ ಸಲ ಹುಲ್ಲಿನ ಮೇಲೆ ಕಾಲಿಟ್ಟ. ಅವನ ಎದುರಿಗೆ ಏನಿತ್ತು? ಖಾಲಿ ಸಿಮೆಂಟ್ ಮೆಟ್ಟಿಲು. ಕಡಲೆಕಾಯಿ ಸಿಪ್ಪೆ.

ಸಿಪ್ಪೆ ನಿನ್ನ ಕಡಲೆಕಾಯಿದೇ, ಗೊತ್ತು. ಅದಕ್ಕೆ ಮುಖ ಯಾಕೆ ಹಾಗೆ ಮಾಡ್ತೀಯ? ನೀನು ಗೇಟಿನ ಹೊರಗೆ ಬೇಯಿಸಿ ಮಾರ್ತೀಯ, ಅವರು ಒಳಗೆ ತಂದು ತಿಂತಾರೆ, ತಿಂದು ಮುಗೀತು ಅಂದ್ರೆ ಎದ್ದು ಹೋಗ್ತಾರೆ. ಆ ಬೋಗುಣಿ ಇಳಿಸು ಮೊದಲು. ತಲೆ ಮೇಲೆ ಹೊತ್ಕೊಂಡೇ ನಿಂತಿದ್ದೀಯಲ್ಲ... ಕೊಡಲ್ವಾ? ಸರಿ, ಕೂತ್ಕೋ. ತೊಡೆ ಮೇಲೇ ಇಟ್ಕೋ.

ಒಲೆ ಕಡೆ ಯಾಕೆ ನೋಡ್ತಿದ್ದೀಯ? ನಾನೇ ಹಚ್ಚಿದ್ದು. ನೀನು ದಣಿದು ಬರ್ತೀಯ, ಮುದ್ದೆಗೆ ನೀರು ಕಾದಿರಲಿ ಅಂತ... ಇಲ್ಲಪ್ಪ, ಈಗ ತಾನೇ ಬಂದೆ. ನಿನಗಿಂತ ನಾಲ್ಕು ಹೆಜ್ಜೆ ಮುಂದೆ. ಈ ಸಲದ ಇದ್ದಲು ಒಳ್ಳೇದು, ಬೇಗ ಕೆಂಡ ಆಯ್ತು, ಅಷ್ಟೇ. ಕೆಂಡದ ಮಾತು ಬಿಡು, ಪಂದ್ಯದ ಮಾತು ಕೇಳು.

ನಮ್ಮ ಸಾಲಿನ ಕಟ್ಟಳೆ ನಿನಗೆ ಗೊತ್ತಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಡೋಲು ನನ್ನ ಕೈಗೆ ಬಂದ ವರ್ಷ, ನಾನೇ ಮಾಡಿದ್ದು. ಕೊನೇ ಸಿಳ್ಳೆಗೆ ಮುಂಚೆ ಯಾರು ಏಳ್ತಾರೋ ಅವರು ಮುಂದಿನ ಪಂದ್ಯ ಪೂರ್ತಿ ಮೈದಾನಕ್ಕೆ ಬೆನ್ನು ಹಾಕಿ, ನಮ್ಮ ಸಾಲಿನ ಕಡೆ ಮುಖ ಮಾಡಿ ನಿಂತ್ಕೋಬೇಕು. ತೊಂಬತ್ತು ನಿಮಿಷ. ಚೆಂಡು ನೋಡೋ ಹಾಗಿಲ್ಲ. ಹೋದ ವರ್ಷ ಕಸೊಂಡೆ ನಿಂತಿರಲಿಲ್ವಾ? ಹೆಂಡತಿಗೆ ಹೆರಿಗೆ ನೋವು ಅಂತ ಓಡಿದ್ದ, ಪಾಪ. ಆದ್ರೂ ಬಿಡಲಿಲ್ಲ ನಾನು. ಕಲ್ಲು ಮನಸ್ಸು ನಿಂದು ಅಂತ ನೀನೇ ಬೈದಿದ್ದೆ. ಕಟ್ಟಳೆ ಅಂದ್ರೆ ಕಟ್ಟಳೆ ಅಂದಿದ್ದೆ ನಾನು... ನೆನಪಿದೆ, ನೆನಪಿದೆ. ಅದನ್ನ ಈಗ ನೆನಪಿಸೋ ಹಾಗೆ ಯಾಕೆ ನೋಡ್ತೀಯ?

ಆ ಕಸೊಂಡೇನೇ ಇವತ್ತು... ಬೇಡ ಬಿಡು. ಅಲ್ಲ, ಹೇಳೇಬಿಡ್ತೀನಿ. ಎಲ್ಲರಿಗೂ ಕೇಳೋ ಹಾಗೆ, ಮುತಾಲೆಯ ಅಪ್ಪ ಅಂತಲೇ ಕರೆದು ಅಂದ: "ಬಾಶಿ ಮುತಾಲೆ, ನಿನ್ನ ಮಗ ಬೆಂಚಿನ ಮೇಲೆ ಬೇರು ಬಿಟ್ಟಿದ್ದಾನೆ, ಹೋಗಿ ಒಂದು ಬಿಂದಿಗೆ ನೀರು ಹಾಕಿ ಬಾ." ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನಗದೆ ಏನು ಮಾಡ್ಲಿ? ಎಪ್ಪತ್ತನೇ ನಿಮಿಷಕ್ಕೆ ಕೋಚು ಒಬ್ಬನ್ನ ಇಳಿಸಿದ, ನಮ್ಮವನಲ್ಲ. ಎಪ್ಪತ್ತೆಂಟಕ್ಕೆ ಇನ್ನೊಬ್ಬ. ಅವನೂ ನಮ್ಮವನಲ್ಲ. ಮುತಾಲೆ ಎದ್ದು ನಿಂತಿದ್ದ ಕಣೇ, ಮೇಲಂಗಿ ತೆಗೆದು ಕಾಲುಚೀಲ ಎಳ್ಕೊಂಡಿದ್ದ. ಕೋಚು ಸುಮ್ಮನೆ ಕೈ ಅಲ್ಲಾಡಿಸಿ ಮತ್ತೆ ಕೂರಿಸಿದ. ಅದನ್ನ ಒಬ್ಬ ಅಪ್ಪ ಆದವನು ಕೂತು ನೋಡೋಕಾಗುತ್ತಾ? ನೀನೇ ಹೇಳು, ಆಗುತ್ತಾ?

...ನೋಡಿದೆ. ಕೂತೇ ನೋಡಿದೆ. ಕೂತಿದ್ದೆ ಅಂತಲೇ ಹೇಳ್ತಿದ್ದೀನಲ್ಲ.

ಆಮೇಲೆ ಎಂಬತ್ತಮೂರಕ್ಕೆ ಇಳಿಸಿದರು ಅವನನ್ನ. ಎಂಬತ್ತೊಂಬತ್ತಕ್ಕೆ ಗೋಲು. ಎಂಥ ಗೋಲು ಅದು! ಬಲಗಡೆಯಿಂದ ಚೆಂಡು ಬಂತು, ಎದೆ ಮೇಲೆ ಇಳಿಸಿಕೊಂಡ, ಒಬ್ಬನ್ನ ದಾಟಿದ, ಎಡಗಾಲಲ್ಲಿ ಒಂದು ಏಟು. ಬಲೆ ಹರಿದುಹೋಗಬೇಕು, ಹಾಗೆ. ಲುಸಾಕಾದವರ ಗೋಲ್‌ಕೀಪರ್ ನಿಂತಲ್ಲೇ ನಿಂತಿದ್ದ...

ಯಾಕೆ ನಗ್ತೀಯ?

ಇದರಲ್ಲಿ ನಗೋದೇನಿದೆ? ಮೊಣಕಾಲು ಯಾಕೆ ತಟ್ಕೋತಿದ್ದೀಯ, ನೋವಾ?... ಮೊಣಕಾಲಾ? ಚೆಂಡು ಮೊಣಕಾಲಿಗೆ ತಗುಲಿ ಒಳಗೆ ಹೋಯ್ತಾ? ಎಡಗಾಲು ಅಂತ ರೇಡಿಯೋದವನು... ಅಲ್ಲ, ನನ್ನ ಪಕ್ಕದಲ್ಲಿ ಒಬ್ಬ ರೇಡಿಯೋ ಇಟ್ಕೊಂಡಿದ್ದ. ಕಿವೀಲಿ ಅದು, ಕಣ್ಣಲ್ಲಿ ಇದು, ಎರಡೂ ಕಲಸಿಹೋಯ್ತು. ಇರಲಿ, ನಿನಗ್ಯಾರು ಹೇಳಿದ್ದು? ಗೇಟಲ್ಲಿ ಮಾರೋ ಈ ಹದಿನೈದು ವರ್ಷದಲ್ಲಿ ಒಂದು ದಿನ ಒಳಗೆ ಬಂದವಳಲ್ಲ ನೀನು. ಕೊನೇ ಹತ್ತು ನಿಮಿಷ ಗೇಟು ತೆಗೆದುಬಿಡ್ತಾರೆ, ಟಿಕೆಟ್ ಕೇಳೋರಿಲ್ಲ, ಮಾರೋರು ಕಾಯೋರು ಎಲ್ಲ ನುಗ್ತಾರೆ, ನೀನು ಮಾತ್ರ ಕೂತಲ್ಲಿಂದ ಕದಲಲ್ಲ. ಗಂಡಸರು ಚೆಂಡಿನ ಹಿಂದೆ ಓಡೋದು ನೋಡೋಕೆ ನನಗೆ ಪುರುಸೊತ್ತಿಲ್ಲ ಅಂತೀಯ.

ಹೋಗಲಿ. ಅವನು ಬರೋ ಹೊತ್ತಾಯ್ತು, ಒಂದು ಮಾತು ಕೇಳು. ಮೊದಲ ಗೋಲು ಹೊಡೆದ ದಿನ ನೇರ ನಿನ್ನ ಡೋಲಿನ ಹತ್ರ ಓಡಿ ಬರ್ತೀನಿ ಅಪ್ಪ, ಅಂತ ಚಿಕ್ಕವನಿದ್ದಾಗಿಂದ ಹೇಳ್ತಿದ್ದ. ಬಂದಿರ... ಬಂದ, ಬಂದ. ಆದ್ರೆ ಅಷ್ಟು ಗಲಾಟೆ, ಒಬ್ಬರ ಮೇಲೊಬ್ಬರು ಬಿದ್ದು, ನನ್ನ ಮುಖ ಅವನಿಗೆ ಸರಿಯಾಗಿ ಕಂಡಿರಲಿಕ್ಕಿಲ್ಲ. ಏನು, ಖಾಲಿ ಮೆಟ್ಟಿಲ ಮೇಲೆ ಗಲಾಟೆ ಎಲ್ಲಿಂದ ಬಂತು ಅಂತಾನಾ? ಗೇಟಿಂದ ನುಗ್ಗಿದ ಜನ ಇರಲಿಲ್ವಾ, ಅವರದು. ಅವನು ಕೇಳಿದ್ರೆ ನೀನೂ ಹಾಗೇ ಹೇಳು. ಅಪ್ಪ ಅಲ್ಲೇ ಇದ್ದ, ಡೋಲಿನ ತೊಗಲು ಹರಿದಿತ್ತು, ಅದಕ್ಕೇ ಸದ್ದು ಬರಲಿಲ್ಲ ಅಂತ. ಅಷ್ಟು ಹೇಳೋಕೆ ಏನು ಕಷ್ಟ ನಿನಗೆ?

ಏನಾದರೂ ಹೇಳು. ಬಂದಾಗಿನಿಂದ ತುಟಿ ಬಿಚ್ಚಿಲ್ಲ ನೀನು.

ಬೋಗುಣಿ ಮೇಲಿನ ಬಟ್ಟೆ ಯಾಕೆ ತೆಗೀತೀಯ? ಕಡಲೆಕಾಯಿ ಬೇಡ ನನಗೆ, ಬಾಯಿ ಒಣಗಿದೆ...

ಇದು...

ಇದು ನನ್ನ ಮೆತ್ತೆ.

ಸಿಮೆಂಟು ತಣ್ಣಗಿರುತ್ತೆ ಅಂತ ನಿನ್ನ ಹಸಿರು ಚಿತೆಂಗೆ ಬಟ್ಟೆ ಕತ್ತರಿಸಿ ನೀನೇ ಹೊಲಿದುಕೊಟ್ಟದ್ದು. ಸೊಂಟಕ್ಕೆ ಸುತ್ತಿಕೊಳ್ಳೋಕೆ ಒಂದೇ ಒಳ್ಳೇ ಬಟ್ಟೆ ಇತ್ತು ನಿನಗೆ ಆಗ. ಎಲ್ಲಿತ್ತು ಇದು? ನನ್ನ ಜಾಗದಲ್ಲಾ? ಇವತ್ತು ಒಳಗೆ ಬಂದಿದ್ಯಾ ನೀನು?

...ಇದರ ಮೇಲೇ ಕೂತಿದ್ಯಾ.

ಆಯ್ತು. ಎದ್ದು ಹೋದೆ ನಾನು. ಪಡುವಣ ಗೇಟಿಂದ ಹೋದೆ, ನೀನು ಮೂಡಣ ಗೇಟಲ್ಲಿ ಇರ್ತೀಯ ಅಂತ ಗೊತ್ತಿದ್ದೇ. ಮೊದಲು ಎದ್ದವನೂ ನಾನೇ. ಡೋಲು ಹೆಗಲಿಗೆ ಹಾಕ್ಕೊಂಡು ಒಂದಷ್ಟು ಮೆಟ್ಟಿಲು ಇಳಿದು ತಿರುಗಿ ನೋಡ್ತೀನಿ, ಇಡೀ ಸಾಲು ಎದ್ದಿದೆ. ಡೋಲಿನವನೇ ಹೊರಟ ಮೇಲೆ ಇನ್ನೆಲ್ಲಿಯ ಕಟ್ಟಳೆ ಅಂತ. ನಾಚಿಕೆಗೆಟ್ಟ ಜನ ಅಂದೆನಲ್ಲ, ಅವರನ್ನ ಎಬ್ಬಿಸಿದ್ದು ನಾನು. ಇವತ್ತೂ ಇಳಿಸಲ್ಲ ಅವನನ್ನ ಅಂದ್ಕೊಂಡೆ, ಬಾನಾ ಮುತಾಲೆ. ಇನ್ನೊಂದು ಸಲ ಅವರು ನಗೋದು ಕೇಳೋಕೆ ನನ್ನ ಕೈಲಾಗಲಿಲ್ಲ. ಮಿನಿಬಸ್ಸಲ್ಲಿ ಡೋಲು ತೊಡೆ ಮೇಲಿಟ್ಕೊಂಡು ಕೂತಿದ್ದೆ, ಡ್ರೈವರನ ರೇಡಿಯೋದಲ್ಲಿ ಅವನ ಹೆಸರು ಕೂಗಿದರು. ಇಳಿಸಿ, ಇಳಿಸಿ ಅಂತ ಬಾಗಿಲು ಬಡಿದೆ. ಅಷ್ಟೊತ್ತಿಗೆ ಬಸ್ಸು ರೈಲು ಹಳಿ ದಾಟಿ ದೂರ ಬಂದಿತ್ತು.

ಅವನು ಅಲ್ಲಿಗೆ ಓಡಿ ಬಂದನಾ?

...ಹೂಂ. ಬಂದು, ಮೇಲೆ ನೋಡಿದನಾ? ಡೋಲು ಇಲ್ಲ, ನಾನಿಲ್ಲ... ತಡಿ, ಆ ಬೋಗುಣಿ ಈಕಡೆ ತಿರುಗಿಸು. ಅದರ ತಳ ಯಾಕೆ ಹೀಗೆ ನೆಗ್ಗಿದೆ? ಬೆಳಿಗ್ಗೆ ಚೆನ್ನಾಗಿತ್ತಲ್ಲ.

ಡೋಲಿನ ಬದಲು ಇದನ್ನ ನೀನು ಬಡಿದ್ಯಾ? ಕಡಲೆಕಾಯಿ ಸುರಿದು, ಬೋಗುಣಿ ಕವುಚಿ, ಅಷ್ಟು ಜನರ ಮಧ್ಯೆ... ನೀನು?

ನಮ್ಮ ಅಂಗಳದ ಗೇಟು ಕಿರ್ ಅಂತು. ಅವನೇ. ಬೇಡ, ಮೆತ್ತೆ ಬಚ್ಚಿಡಬೇಡ, ಅಲ್ಲೇ ಇರಲಿ. ನಾನೇ ಹೇಳ್ತೀನಿ ಅವನಿಗೆ. ಶನಿವಾರದ ಪಂದ್ಯಕ್ಕೆ ನೀನು ಇದರ ಮೇಲೆ ಕೂತ್ಕೋ, ನನ್ನ ಜಾಗದಲ್ಲಿ. ನಾನು ಮೈದಾನಕ್ಕೆ ಬೆನ್ನು ಹಾಕಿ ನಿನ್ನ ಎದುರಿಗೇ ನಿಂತಿರ್ತೀನಿ. ತೊಂಬತ್ತು ನಿಮಿಷ. ಅವನು ಏನು ಮಾಡ್ತಿದ್ದಾನೆ ಅಂತ ನಿನ್ನ ಮುಖ ನೋಡಿ ತಿಳ್ಕೋತೀನಿ.