ಖಾಲಿ ಬಿಟ್ಟವರೆಲ್ಲ ಅವಿವಾಹಿತರು

...ಅಯ್ಯೋ, ಕಾಗದ ಹಾಗೆ ಮೂಗಿಗೆ ಹಿಡೀಬೇಡ್ವೇ! ಹೌದು, ನಮ್ಮ ಆಸ್ಪತ್ರೆಯಿಂದ ಬಂದಿರೋದೇ. ಹೌದು, ನನ್ನ ಹೆಸರೇ. ಮುಂದೆ "ಅವಿವಾಹಿತ" ಅಂತ ಇದೆ, ನಂಗೂ ಕಣ್ಣಿದೆ! ಕಟ್ಕೊಂಡ ಹೆಂಡತಿ ಗುಂಡುಕಲ್ಲಿನ ಹಾಗೆ ಎದುರಿಗಿರೋವಾಗ ನಾನು ಹಾಗೆ ಬರೀತೀನಾ? ಬರೆದದ್ದು ಸರ್ವರ್!

ಏನು ಹಾಗೆ ನೋಡ್ತೀಯ? ನಿಜ ಕಣೇ. ಮುಂಚೆ ಸಿಬ್ಬಂದಿ ಪಟ್ಟೀನ ಸರ್ವರ್‌ನಿಂದ ಹೊರಗೆ ತಗೊಂಡು, ನನ್ನ ಕಂಪ್ಯೂಟರಲ್ಲಿ ತಿದ್ದಿ, ಎರಡು ಸಲ ಕಣ್ಣಾಡಿಸಿ ವಾಪಸ್ ಹಾಕ್ತಿದ್ದೆ. ನಮ್ಮ ವಿಭಾಗಕ್ಕೆ ಹೊಸ ಮೇಡಂ ಬಂದ್ರು ನೋಡು... "ಹೊರಗೆ ಯಾಕ್ರೀ ಹೊತ್ಕೊಂಡು ಓಡಾಡ್ತೀರಿ? ಡೇಟಾಬೇಸ್ ಒಳಗೇ ತಾನಾಗೇ ತಿದ್ದೋ ಹಾಗೆ ಒಂದು ಜಾಬ್, ಅಂದ್ರೆ ಪುಟ್ಟ ಪ್ರೋಗ್ರಾಂ, ಬರೆದಿಡಿ" ಅಂದ್ರು. ಬರೆದೆ! ಒಲೆ ಮೇಲಿನ ಪಾತ್ರೆ ಇಳಿಸದೇ ತಿಕ್ಕಿದ ಹಾಗೆ! ಜಾಬ್ ಓಡಿಸಿ ಊಟಕ್ಕೆ ಹೋದೆ. ಬರೋದ್ರೊಳಗೆ ಮುನ್ನೂರ ಹನ್ನೆರಡು ಜನ ಅವಿವಾಹಿತರು!

ಹ್ಞಾಂ, ತುಟಿ ಅಲ್ಲಾಡ್ತು! ಕೇಳು, ಕೇಳು. ನಾಲ್ಕು ಹೆತ್ತ ದೊಡ್ಡ ನರ್ಸಮ್ಮ... ಅವಿವಾಹಿತೆ! ಮೊಮ್ಮಕ್ಕಳಿರೋ ಕಣ್ಣಿನ ಡಾಕ್ಟರು, "ಈ ವಯಸ್ಸಲ್ಲಿ ಇನ್ನೊಂದು ಅವಕಾಶ ಕೊಟ್ಟೆಯಲ್ಲಪ್ಪ" ಅಂತ ಬೆನ್ನು ತಟ್ಟಿದ್ರು!

ಪಾಪ, ಜಾಬ್‌ಗೇನು ಗೊತ್ತು ಯಾರ ಮದುವೆಗೆ ಯಾರು ಬಂದಿದ್ರು ಅಂತ? ಇರೋ ನಿಯಮ ಒಂದೇ. ಮದುವೆ ವಿವರದ ಜಾಗ ಖಾಲಿ ಇದ್ರೆ "ಅವಿವಾಹಿತ" ಅಂತ ತುಂಬು. ಬರೆದಿರೋದನ್ನ ಮುಟ್ಟಲ್ಲ. "ವಿವಾಹಿತ" ಅಂತ ಬರೆದಿದ್ದ ಒಬ್ಬರದ್ದೂ ಕೆಟ್ಟಿಲ್ಲ, ಅಷ್ಟು ಅಚ್ಚುಕಟ್ಟು ನನ್ನ ಕೆಲಸ! ಖಾಲಿ ಬಿಟ್ಟ ಸೋಮಾರಿಗಳದ್ದು ಮಾತ್ರ...

...ಯಾಕೆ ನನ್ನ ಹೆಸರಿನ ಮೇಲೆ ಬೆರಳಿಟ್ಟೆ?

ಅಲ್ಲ... ಅದು... ಕೆಲಸಕ್ಕೆ ಸೇರೋ ಫಾರಂ ತುಂಬೋವಾಗ ಅವಸರ... ಪೆನ್ನು ಬೇರೆ... ಆ ಬೆರಳು ತೆಗಿಯೇ! ಬೈಯೋದಾದ್ರೆ ಬೈ!

ಸರಿ. ಅವಸರ ಏನೂ ಇರ್ಲಿಲ್ಲ. ನಾನು ಅಲ್ಲಿ ಸೇರಿದಾಗ ನೀನು ಮುನಿಸ್ಕೊಂಡು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. "ಇನ್ನು ಬರಲ್ಲ" ಅಂತ ನೀನೇ ನಿಮ್ಮಣ್ಣನ ಕೈಲಿ ಹೇಳಿ ಕಳಿಸಿದ್ದೆ. "ವಿವಾಹಿತ" ಅಂತ ಬರೆಯೋಕೆ ಧೈರ್ಯ ಬರ್ಲಿಲ್ಲ. ಇನ್ನೊಂದು ಬರೆಯೋಕೆ ಕೈ ಏಳ್ಲಿಲ್ಲ. ಖಾಲಿ ಬಿಟ್ಟೆ. ಭಯ ಕಣೇ, ಬರೀ ಭಯ. ಆಮೇಲೆ ನೀನು ಬಂದೆ... ಆ ಖುಷೀಲಿ ಫಾರಂ ಯಾರಿಗೆ ನೆನಪಿರತ್ತೆ? ಒಂಬತ್ತು ವರ್ಷ!

ಏಯ್... ಅಳ್ತಿದ್ದೀಯಾ? ನಗ್ತಿದ್ದೀಯಾ? ಎರಡೂನಾ?

ಅದ್ಯಾಕೆ ನನ್ನ ಜೇಬಿಗೆ ಕೈ... ಓ, ಪೆನ್ನಾ? ಹ್ಞೂ, ತಪ್ಪಿದ್ರೆ ಈ ಕಾಗದದಲ್ಲೇ ತಿದ್ದಿ ವಾಪಸ್ ಕೊಡಬಹುದು. ನೀನೇ ಬರೀತೀಯಾ? ಬರಿ, ಬರಿ... ಮೆಲ್ಲಗೆ ಕಣೇ, ಅಷ್ಟು ಒತ್ತಬೇಡ, ಕಾಗದ ಹರಿದುಹೋಗತ್ತೆ!