ಸಭೆಯಲ್ಲಿ ಹೇಳಿದ ಸಾಕ್ಷಿ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕರೂರಿನ ಬಸ್ಸಿಗೆ ಕಾಯುತ್ತಿದ್ದ ಚನ್ನವೀರಮ್ಮನಿಗೆ ಕಂಡವರ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಅದೇ ಕಲ್ಲುಬೆಂಚಿನಲ್ಲಿ ಕೂತ ಹೆಂಗಸು ಕೆಮ್ಮಿ ಬಾಯಿ ಒರೆಸಿಕೊಂಡಾಗ ಸೆರಗಿನಲ್ಲಿ ರಕ್ತ ಕಂಡಿತು. ಆಮೇಲೆ ಕಿವಿ ತಾನಾಗಿಯೇ ಅತ್ತ ವಾಲಿತು.

"ಬಳ್ಳಾರಿ ಬಸ್ಸು ಬಂತು, ಏಳು ಕೃಪಮ್ಮ," ಅಂದ ಅವಳ ಗಂಡ. "ದವಾಖಾನಿಗೆ ಹೋಗಾಣ."

"ಹೆಂಗ ಬರ್ಲಿ? ಯೇಸಪ್ಪ ವಾಸಿ ಮಾಡ್ಯಾನಂತ ಪ್ರಾರ್ಥನಿ ಸಭೇದಾಗ ಎಲ್ಲಾರ ಮುಂದ ಸಾಕ್ಷಿ ಹೇಳೀನಿ."

"ಅವಾಗಿನ್ನೂ ವಾಸಿ ಆಗಿದ್ದಿಲ್ಲಲ್ಲ!"

"ಆಗೋಕಿಂತ ಮೊದಲ ಹೇಳೋದ ನಂಬಿಕಿ ಅಂದ್ರು ಪಾದ್ರಿ. ಕ್ಷಯದ ಗುಳಿಗಿ ಎಲ್ಲಾ ಕಾಲುವಿಗೆ ಒಗದೆ. ಈಗ ಡಾಕ್ಟ್ರ ಕಡಿ ಹೋದ್ರ ದೇವರನ್ನ ಸುಳ್ಳು ಮಾಡಿದಂಗ ಆಗಂಗಿಲ್ಲೇನು?"

ಗಂಡ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ನಿನ್ನ ಸಾಕ್ಷಿ ಕೇಳಿ ಹಚ್ಚೊಳ್ಳಿ ಜಡೆಮ್ಮನೂ ಗುಳಿಗಿ ಒಗದಾಳಂತ."

"ಆಕಿಗೇನಾಗೇತಿ?"

"ಒಗದಿದ್ದು ಆಕೀ ಗುಳಿಗಿ ಅಲ್ಲ, ಮಗಳವು. ಆ ಕೂಸಿಗೂ ನಿನ್ನ ರೋಗನ ಐತಿ."

ಕೃಪಮ್ಮ ಗಂಟು ಎತ್ತಿಕೊಂಡು ಎದ್ದು ಬೇರೊಂದು ಬಸ್ಸಿನತ್ತ ನಡೆದಳು.

"ಲೇ, ಅದು ಹಚ್ಚೊಳ್ಳಿ ಬಸ್ಸು! ಬಳ್ಳಾರೀದು ಈ ಕಡಿ ಐತಿ."

"ಗೊತ್ತೈತಿ. ನನಗ ವಾಸಿ ಆಗಿಲ್ಲಂತ ಆಕಿಗೆ ಹೇಳಬೇಕು."

"ಮತ್ತ ನಿನ್ನ ನಂಬಿಕಿ?"

"ನನ್ನ ಜೀವಕ್ಕ ದೇವರನ್ನ ನಂಬೀನಿ. ಆ ಕೂಸಿನ ಜೀವಕ್ಕ ನಂಬಾಕ ಧೈರ್ಯ ಸಾಲವಲ್ದು."

ಗಂಡ ಅವಳ ಹಿಂದೆ ಓಡಿದ. ಬಳ್ಳಾರಿಯ ಬಸ್ಸು ಅವರಿಲ್ಲದೆ ಹೊರಟಿತು. ಗಂಟು ಇಟ್ಟುಕೊಳ್ಳಲು ಜಾಗವಾಯಿತೆಂದು ಚನ್ನವೀರಮ್ಮ ಬೆಂಚಿನ ಮೇಲೆ ಕೈಯಿಟ್ಟಳು. ಕೃಪಮ್ಮ ಕೂತಿದ್ದ ಕಲ್ಲಿನಲ್ಲಿ ಜ್ವರದ ಬಿಸಿ ಇನ್ನೂ ಆರಿರಲಿಲ್ಲ.